ಮಂಜಿಲ್ಲದ ಊರಿನ ಕೊಲೆ

ಕನ್ನಡದ ಪತ್ತೇದಾರಿ ಕತೆಗೆ ಬೆಟ್ಟದ ಮೇಲೆ ಬಹಳ ಮೋಹ. ಘಟ್ಟದ ಒಂದು ಸಣ್ಣ ಊರು, ಬಿಡದೆ ಸುರಿಯುವ ಮಳೆ, ತೋಟದ ನಡುವೆ ಒಂಟಿ ಬಂಗಲೆ, ಮಂಜಿನಲ್ಲಿ ಕಾಣೆಯಾದ ಮನುಷ್ಯ. ಇಷ್ಟು ಕೂಡಿದರೆ ರಹಸ್ಯ ತಾನಾಗಿ ಹುಟ್ಟುತ್ತದೆ ಎಂಬ ನಂಬಿಕೆ ಪುಸ್ತಕದಿಂದ ಸಿನಿಮಾಕ್ಕೂ ಹೋಯಿತು. ‘ರಂಗಿತರಂಗ’ (2015) ಹಸಿರು ಕಾಡಿನ ಹಳ್ಳಿಯನ್ನು ಆರಿಸಿಕೊಂಡಿತು, ‘ಶಿವಾಜಿ ಸುರತ್ಕಲ್’ (2020) ರಣಗಿರಿ ಎಂಬ ಗುಡ್ಡದೂರನ್ನು. ಇದು ಕನ್ನಡದ್ದೇ ಚಾಳಿಯಲ್ಲ. ಸತ್ಯಜಿತ್ ರಾಯ್ ಅವರ ಫೆಲುದಾ 1965ರಲ್ಲಿ ತನ್ನ ಮೊದಲ ಪ್ರಕರಣಕ್ಕೆ ಕೈಹಾಕಿದ್ದು ಡಾರ್ಜಿಲಿಂಗಿನಲ್ಲಿ. ಈ ಮೋಹಕ್ಕೆ ಕಾರಣವೂ ಇದೆ: ಗುಡ್ಡದೂರಿಗೆ ಬರುವ ದಾರಿ ಒಂದು, ಹೋಗುವ ದಾರಿಯೂ ಅದೇ. ಬಂದವರ ಮುಖ ಎಲ್ಲರಿಗೂ ನೆನಪಿರುತ್ತದೆ. ಪೊಲೀಸರು ತಲುಪುವ ಮೊದಲೇ ಊರಿನ ಒಬ್ಬ ಸಾಮಾನ್ಯ ಮನುಷ್ಯ, ಬರೀ ಕುತೂಹಲದಿಂದ, ಎಳೆ ಹಿಡಿದು ಹೊರಡಬಹುದು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಓದುಗರು ಇಂಥ ಪುಸ್ತಕಗಳನ್ನು ಬಸ್ ನಿಲ್ದಾಣದ ಅಂಗಡಿಯಿಂದ ಕೊಂಡು, ಕೈಯಿಂದ ಕೈಗೆ ದಾಟಿಸಿ, ಹೊದಿಕೆ ಹರಿದು ಹೋಗುವವರೆಗೆ ಓದಿದವರು. ಆದರೆ ಆ ಪುಸ್ತಕಗಳ ಯಾವ ಪತ್ತೇದಾರನೂ ನಮ್ಮ ಎರಿಭೂಮಿಗೆ ಇಳಿದದ್ದನ್ನು ನಾನು ಕಂಡಿಲ್ಲ. ಕೃಷ್ಣೆ-ಘಟಪ್ರಭೆಯ ದಂಡೆಯ ಕಬ್ಬಿನ ಹೊಲದಲ್ಲಿ, ಮಗ್ಗದ ಓಣಿಯಲ್ಲಿ, ಬಿಸಿಲಿನಲ್ಲಿ ಎಲ್ಲವೂ ಕಣ್ಣಿಗೆ ಬೀಳುವ ಈ ಬಯಲಿನಲ್ಲಿ ಬಚ್ಚಿಡುವುದಕ್ಕೆ ಏನಿದೆ ಎಂದು ಲೇಖಕರು ಭಾವಿಸಿದರೇನೋ. ಹಾಗೆ ಭಾವಿಸಿದ್ದರೆ ಅದು ತಪ್ಪು. ಈ ತಪ್ಪಿನಿಂದ ಕನ್ನಡದ ಪತ್ತೇದಾರಿ ಪರಂಪರೆಗೆ ದೊಡ್ಡ ನಷ್ಟವಾಗಿದೆ.

ಮೊದಲು ಆ ಪರಂಪರೆಗೆ ಸಲ್ಲಬೇಕಾದ ಗೌರವ ಸಲ್ಲಲಿ. ಎನ್. ನರಸಿಂಹಯ್ಯನವರು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವರು, ಬಸ್ ಕಂಡಕ್ಟರಾಗಿ ದುಡಿದವರು. 2011ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರು ಬರೆದ ಕಾದಂಬರಿಗಳು 500 ದಾಟಿದ್ದವು. ಪುರುಷೋತ್ತಮ, ಮಧುಸೂದನ, ಅರಿಂಜಯ ಇವರೆಲ್ಲ ಅವರ ಪತ್ತೇದಾರರು. ಅದೇ ಕಾಲದ ಮ. ರಾಮಮೂರ್ತಿಯವರು ಒಂದು ಕೈಯಲ್ಲಿ ಕನ್ನಡ ಚಳವಳಿ ಕಟ್ಟಿ, ಹಳದಿ-ಕೆಂಪು ಬಾವುಟ ರೂಪಿಸಿ, ಇನ್ನೊಂದು ಕೈಯಲ್ಲಿ ಪತ್ತೇದಾರಿ ಕಾದಂಬರಿ ಬರೆದರು. ಈ ಇಬ್ಬರನ್ನೂ ವಿಮರ್ಶಕರು ಬಾಗಿಲ ಹೊರಗೇ ನಿಲ್ಲಿಸಿದರು. ಇದು ಅನ್ಯಾಯ. ಅಕ್ಷರವನ್ನು ಕೂಡಿಸಿ ಓದಲು ಕಷ್ಟಪಡುತ್ತಿದ್ದ ಕೂಲಿಕಾರ, ನೇಕಾರ, ಹೋಟೆಲ್ ಹುಡುಗ ಇವರನ್ನು ಕನ್ನಡದ ಓದುಗರನ್ನಾಗಿ ಮಾಡಿದ್ದು ನರಸಿಂಹಯ್ಯನವರ ಸಣ್ಣ ಸಣ್ಣ ವಾಕ್ಯಗಳು. ‘ಬೆಲ್ ಬಾಟಂ’ (2019) ಚಿತ್ರದ ದಿವಾಕರ ಪತ್ತೇದಾರಿ ಕಾದಂಬರಿ ಓದಿಯೇ ಬೆಳೆದವನು. ಆ ಪಾತ್ರದಲ್ಲಿ ಒಂದು ತಲೆಮಾರಿನ ಓದಿಗೆ ಸಂದ ನಮಸ್ಕಾರವಿದೆ.

ಆದರೆ ನರಸಿಂಹಯ್ಯನವರ ಪುರುಷೋತ್ತಮ ವೃತ್ತಿಯವನು. ಅವನಿಗೆ ಕೆಲಸವೆಂದರೆ ಬೆನ್ನಟ್ಟುವುದು. ಊರು ಅವನಿಗೆ ಓಡುವ ಹಾದಿ ಮಾತ್ರ. ಓಣಿ ತಿರುಗಿತು, ಕಾರು ನಿಂತಿತು, ಗುಂಡು ಹಾರಿತು. ಆ ಓಣಿಯಲ್ಲಿ ಯಾರು ಯಾರಿಗೆ ಸಾಲ ಕೊಟ್ಟಿದ್ದಾರೆ, ಯಾರ ಮನೆಯ ಮಗಳು ಯಾಕೆ ತವರಿಗೆ ಬಂದಿದ್ದಾಳೆ ಎಂದು ಅವನು ನಿಂತು ಕೇಳುವುದಿಲ್ಲ. ಹವ್ಯಾಸಿ ಪತ್ತೇದಾರನಿಗೆ ಇರುವ ಬಂಡವಾಳವೇ ಊರಿನ ಈ ತಿಳಿವಳಿಕೆ. ಅಗಾಥಾ ಕ್ರಿಸ್ಟಿಯ ಮಿಸ್ ಮಾರ್ಪಲ್ 1930ರ ಕಾದಂಬರಿಯಲ್ಲಿ ಗೆದ್ದದ್ದು ಪಿಸ್ತೂಲಿನಿಂದಲ್ಲ, ಹಳ್ಳಿಯ ಜನರ ಸ್ವಭಾವ ಬಲ್ಲವಳಾದ್ದರಿಂದ. ನಮ್ಮಲ್ಲಿ ಪತ್ತೇದಾರರು ಬೇಕಾದಷ್ಟು ಬಂದರು, ಊರು ಬಲ್ಲವರು ಬರಲಿಲ್ಲ.

ಒಬ್ಬರು ಬಂದರು. ಪೂರ್ಣಚಂದ್ರ ತೇಜಸ್ವಿ ಅವರ ‘ಚಿದಂಬರ ರಹಸ್ಯ’ (1985) ಘಟ್ಟದ ಸಣ್ಣ ಊರಿನ ಪತ್ತೇದಾರಿ ಕತೆಯ ಹೊರಮೈಯನ್ನೇ ಹೊದ್ದುಕೊಂಡ ಕಾದಂಬರಿ. ಏಲಕ್ಕಿ ಇಳುವರಿ ಯಾಕೆ ಕುಸಿಯುತ್ತಿದೆ, ವಿಜ್ಞಾನಿ ಜೋಗಿಹಾಳ್ ಹೇಗೆ ಸತ್ತರು ಎಂದು ತಿಳಿಯಲು ಗುಪ್ತಚರ ಇಲಾಖೆಯ ಶ್ಯಾಮನಂದನ ಅಂಗಡಿ ಕೆಸರೂರಿಗೆ ಬರುತ್ತಾನೆ. (ಅಂಗಡಿ ಎಂಬ ಅಡ್ಡಹೆಸರು ನಮ್ಮ ಸೀಮೆಯಲ್ಲಿ ಮನೆಮನೆಯದು. ನಮ್ಮವನೊಬ್ಬ ಘಟ್ಟ ಹತ್ತಿದ ಹಾಗೆ ನನಗೆ ಓದುವಾಗಲೆಲ್ಲ ಅನ್ನಿಸುತ್ತದೆ.) ಬಂದವನು ಸುಳಿವು ಹುಡುಕುತ್ತ ಹೋದರೆ ಸಿಗುವುದು ಕೊಲೆಗಾರನಲ್ಲ, ಇಡೀ ಊರು. ಏಲಕ್ಕಿ ಧಾರಣೆ, ಮರದ ವ್ಯಾಪಾರ, ಜಾತಿ, ಧರ್ಮದ ಅನುಮಾನ, ಕಾಲೇಜು ಹುಡುಗರ ಕ್ರಾಂತಿಯ ಮಾತು ಎಲ್ಲ ಒಂದಕ್ಕೊಂದು ತೊಡರಿಕೊಂಡಿವೆ. ಮಂಜು ಇಲ್ಲಿ ಅಲಂಕಾರವಲ್ಲ. ರಹಸ್ಯ ಇರುವುದು ಬೆಳೆಯ ಲೆಕ್ಕದಲ್ಲಿ, ಜನರ ಬಾಯಲ್ಲಿ. 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಈ ಪುಸ್ತಕಕ್ಕೆ ಬಂದಾಗ ಪತ್ತೇದಾರಿ ಪ್ರಕಾರಕ್ಕೂ ಅದರಲ್ಲಿ ಪಾಲಿತ್ತು. ಆ ಪಾಲನ್ನು ಯಾರೂ ಎಣಿಸಲಿಲ್ಲ. ಅವರದೇ ‘ಜುಗಾರಿ ಕ್ರಾಸ್’ನಲ್ಲಿ ಗಂಡ ಹೆಂಡತಿ ಇಬ್ಬರೂ ತಮಗರಿಯದೆ ಪತ್ತೇದಾರರಾಗುತ್ತಾರೆ. ವೇಗದಲ್ಲಿ ಅದು ಮೇಲು, ಆದರೆ ಊರಿನ ಆಳ ಕೆಸರೂರಿಗೇ ಹೆಚ್ಚು. ತೇಜಸ್ವಿಯವರ ನಂತರ ಕೆ.ಎನ್. ಗಣೇಶಯ್ಯನವರ ‘ಕನಕ ಮುಸುಕು’, ‘ಕರಿಸಿರಿಯಾನ’ಗಳಲ್ಲಿ ಸಂಶೋಧಕರೇ ಹವ್ಯಾಸಿ ಪತ್ತೇದಾರರು. ಅಲ್ಲಿ ಶಾಸನ, ಶಿಲ್ಪ, ಇತಿಹಾಸದ ಒಗಟು ರುಚಿಕಟ್ಟಾಗಿವೆ. ಬದುಕಿರುವ ಮನುಷ್ಯರ ಓಣಿ ಅಷ್ಟಾಗಿ ಇಲ್ಲ.

ಹಾಗಾದರೆ ನಮ್ಮ ಬಯಲಿಗೆ ಅಪರಾಧದ ಕತೆಯೇ ಇರಲಿಲ್ಲವೇ? ಇತ್ತು, ಬಹಳ ಬಲವಾಗಿ ಇತ್ತು. ಜಾನ್ ಫೇತ್‌ಫುಲ್ ಫ್ಲೀಟ್ 19ನೆಯ ಶತಮಾನದ ಕೊನೆಯಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದ ಕನ್ನಡ ಲಾವಣಿಗಳಲ್ಲಿ ಎರಡು ನಮಗೆ ಮುಖ್ಯ. ಒಂದು ಹಲಗಲಿ ಬೇಡರದು, ಇನ್ನೊಂದು ಬೈಲಹೊಂಗಲದ ಸಂಗ್ಯಾನದು. ಸಂಗ್ಯಾನ ಕತೆ ಮುಂದೆ ಸಣ್ಣಾಟವಾಗಿ ಈ ಭಾಗದ ಹಳ್ಳಿ ಹಳ್ಳಿಯಲ್ಲಿ ರಾತ್ರಿಯಿಡೀ ನಡೆಯಿತು. ಗಂಗಿಯ ಮೇಲೆ ಕಣ್ಣಿಟ್ಟ ಸಂಗ್ಯಾ, ಅವನ ಜೀವದ ಗೆಳೆಯ ಬಾಳ್ಯಾ, ಗಂಡ ಈರ್‍ಯಾ, ಕೊನೆಗೆ ಗೆಳೆಯನ ದ್ರೋಹದಿಂದ ಸಂಗ್ಯಾನ ಕೊಲೆ. ಯಾರು ಕೊಂದರು ಎಂಬ ಪ್ರಶ್ನೆ ಇಲ್ಲವೇ ಇಲ್ಲ. ಕಂಬಳಿ ಹಾಸಿ ಕೂತ ಪ್ರತಿಯೊಬ್ಬನಿಗೂ ಗೊತ್ತು. ಆದರೂ ಬೆಳಗಿನ ಜಾವದ ತನಕ ಏಳುವುದಿಲ್ಲ, ಏಕೆಂದರೆ ಅವರಿಗೆ ಬೇಕಾದ ಪ್ರಶ್ನೆ ಬೇರೆ: ಒಂದೇ ತಾಟಿನಲ್ಲಿ ಉಂಡ ಬಾಳ್ಯಾನಿಗೆ ಮನಸ್ಸು ಹೆಂಗ ಬಂತು?

ಪತ್ತೇದಾರಿ ಕಾದಂಬರಿ ಕೊನೆಯ ಪುಟದಲ್ಲಿ ಕೊಡುವುದನ್ನು ಸಣ್ಣಾಟ ಮೊದಲ ಘಳಿಗೆಯಲ್ಲೇ ಕೊಟ್ಟುಬಿಡುತ್ತದೆ. ಪತ್ತೇದಾರ ಇಲ್ಲಿ ಹುಟ್ಟದೆ ಇದ್ದದ್ದಕ್ಕೆ ಇದೂ ಒಂದು ಕಾರಣವೆಂದು ನನಗೆ ತೋರುತ್ತದೆ. ಊರಿಗೆ ಗೊತ್ತಿರುತ್ತದೆ, ಊರು ಹೇಳುವುದಿಲ್ಲ, ಅಷ್ಟೇ. ಪೊಲೀಸರು ಕೇಳಿದರೆ “ನಾ ಮಲಗಿದ್ನಿರಿ, ಏನೂ ಗೊತ್ತಿಲ್ರಿ ಸಾಹೇಬ್ರ” ಎನ್ನುವವನು ಅದೇ ಸಂಜೆ ಚಹಾದಂಗಡಿಯಲ್ಲಿ ಎಲ್ಲವನ್ನೂ ಸುತ್ತಿ ಬಳಸಿ ಹೇಳುತ್ತಾನೆ. ಮುಧೋಳದ ನಾಯಿ ಮೂಸುತ್ತ ಹೋಗುವ ಜಾತಿಯದಲ್ಲ, ಬಯಲಿನಲ್ಲಿ ದೂರದ ಬೇಟೆಯನ್ನು ಕಣ್ಣಿನಿಂದಲೇ ಹಿಡಿಯುವಂಥದ್ದು. ನಮ್ಮ ಊರಿನ ಹವ್ಯಾಸಿ ಪತ್ತೇದಾರನೂ ಹಾಗೇ ಇರಬೇಕಾಗುತ್ತದೆ. ಅವನಿಗೆ ಎಲ್ಲವೂ ಕಂಡಿದೆ. ಕಂಡದ್ದನ್ನು ಒಂದರ ಪಕ್ಕ ಒಂದು ಇಟ್ಟು ನೋಡುವ ಧೈರ್ಯವೇ ಅವನ ಪತ್ತೇದಾರಿ.

ಹಲಗಲಿಯ ಲಾವಣಿಯಲ್ಲಿ ಈ ಕಣ್ಣು ಇದೆ. 1857ರಲ್ಲಿ ಆಯುಧ ಒಪ್ಪಿಸಲೊಲ್ಲದ ಬೇಡರ ಮೇಲೆ ಕಂಪನಿಯ ದಂಡು ಬಿದ್ದು ಊರನ್ನು ಸುಟ್ಟಿತು, ಹಲವರನ್ನು ಗಲ್ಲಿಗೇರಿಸಿತು. ಇಂದು ಮುಧೋಳ ತಾಲ್ಲೂಕಿನಲ್ಲಿರುವ ಈ ಹಳ್ಳಿಯ ಕತೆ ಹೇಳುವ ಲಾವಣಿಕಾರ ವೀರರನ್ನು ಹೊಗಳಿ ಸುಮ್ಮನಾಗುವುದಿಲ್ಲ. ಲೂಟಿಯಾದದ್ದನ್ನು ಅಡುಗೆಮನೆಯ ಸಾಮಾನಿನ ತನಕ ಎಣಿಸುತ್ತಾನೆ: ಉಪ್ಪು, ಎಣ್ಣೆ, ಅರಿಶಿನ, ಜೀರಿಗೆ, ಬೆಲ್ಲ. ಕಂಪನಿಯ ಕಡತಕ್ಕೆ ದಂಗೆ ಎಂದರೆ ತಲೆಗಳ ಲೆಕ್ಕ. ಲಾವಣಿಕಾರನಿಗೆ ಬಡವನ ಗಡಿಗೆಯೂ ಸಾಕ್ಷಿ. ಇದಕ್ಕಿಂತ ಒಳ್ಳೆಯ ಪಂಚನಾಮೆ ಯಾವ ಪತ್ತೇದಾರಿ ಕಾದಂಬರಿಯಲ್ಲೂ ನನಗೆ ಸಿಕ್ಕಿಲ್ಲ. ಈ ಶಿಸ್ತು ನಮ್ಮ ಮನೆಯಲ್ಲೇ ಇತ್ತು. ರಹಸ್ಯ ಬರೆಯಲು ಕೂತವರು ಅದನ್ನು ಬಿಟ್ಟು ಲಂಡನ್ನಿನ ಮಂಜನ್ನು ಘಟ್ಟಕ್ಕೆ ತಂದು ಸುರಿದರು.

ರಬಕವಿ-ಬನಹಟ್ಟಿಯಲ್ಲಿ ಒಂದು ಕೊಲೆಯ ಕತೆ ಬರೆಯುವವರಿಗೆ ಗಡಿಯಾರವೇ ಬೇಡ. ವಿದ್ಯುತ್ ಮಗ್ಗ ಓಡುತ್ತಿರುವಾಗ ಓಣಿಯಲ್ಲಿ ಕೂಗಿದರೂ ಕೇಳದು. ಕರೆಂಟು ಹೋದರೆ ನೂರಾರು ಮಗ್ಗ ಒಮ್ಮೆಗೇ ನಿಲ್ಲುತ್ತವೆ. ಹಾಗೆ ನಿಂತು ಮತ್ತೆ ಶುರುವಾದ ಕಡೆ ನೇಯ್ಗೆ ಹದ ತಪ್ಪಿ ಬಟ್ಟೆಯ ಮೇಲೆ ಅಡ್ಡಗೆರೆ ಉಳಿಯುತ್ತದೆ. ಓಣಿಯ ಮಗ್ಗಗಳಿಗೆಲ್ಲ ಎರಡೇ ಗೆರೆ ಬಿದ್ದ ರಾತ್ರಿ ಒಂದು ಸೀರೆಯಲ್ಲಿ ಮಾತ್ರ ಮೂರು ಗೆರೆ ಇದ್ದರೆ, ಆ ಮಗ್ಗವನ್ನು ಯಾರೋ ಕೈಯಾರೆ ನಿಲ್ಲಿಸಿ ಎದ್ದು ಹೋಗಿದ್ದಾರೆ. ಗೆರೆಯಿಂದ ಗೆರೆಗೆ ಬಟ್ಟೆ ಅಳೆದರೆ ಎದ್ದ ಹೊತ್ತೂ ಸಿಗುತ್ತದೆ. ಇದನ್ನು ಗುರುತಿಸಲು ಫೋರೆನ್ಸಿಕ್ ಲ್ಯಾಬ್ ಬೇಕಿಲ್ಲ, ಕಂಡಿಕೆ ಸುತ್ತುವ ಹೆಣ್ಣುಮಗಳು ಸಾಕು. ಜಮಖಂಡಿ, ಮುಧೋಳದ ಕಬ್ಬಿನ ಸೀಮೆಯಲ್ಲಿ ಕಾಟಾದ ಮೇಲಿನ ತೂಕ, ರಿಕವರಿ ಶೇಕಡಾ, ಕಟಾವು ಗ್ಯಾಂಗಿಗೆ ಕೊಟ್ಟ ಮುಂಗಡ, ಬಾಕಿ ಉಳಿದ ಬಿಲ್ಲು ಒಂದೊಂದೂ ಏಲಕ್ಕಿಯಷ್ಟೇ ಗಹನವಾದ ರಹಸ್ಯ. ಬೀಳಗಿ ತಾಲ್ಲೂಕಿನಲ್ಲಿ ಆಲಮಟ್ಟಿ ಹಿನ್ನೀರು ಹೊಲ ಮನೆ ಮುಳುಗಿಸಿದೆ, ಪರಿಹಾರದ ಕಾಗದ ಕೋರ್ಟು ಅಲೆದಿವೆ. ಮುಳುಗಿದ ಹೊಲದ ಉತಾರದಲ್ಲಿ ಸತ್ತವನ ಹೆಸರಿನ ಮುಂದೆ ಯಾರ ಹೆಸರು ಕೂತಿದೆ ಎಂದು ಒಬ್ಬ ನಿವೃತ್ತ ಮಾಸ್ತರ ಹುಡುಕಲು ಹೊರಟರೆ ಅದು ಕಾದಂಬರಿಯಾಗದೆ ಇರುತ್ತದೆಯೇ?

ಒಂದು ತೊಡಕು ನಿಜವಾಗಿಯೂ ಇದೆ. ಹವ್ಯಾಸಿ ಪತ್ತೇದಾರ ಹೊರಗಿನವನಾದರೆ ಊರು ಬಾಯಿ ಬಿಡುವುದಿಲ್ಲ. ಒಳಗಿನವನಾದರೆ ಸತ್ಯ ಹೇಳಿದ ಮರುದಿನವೂ ಅವನು ಅದೇ ಓಣಿಯಲ್ಲಿ ಬದುಕಬೇಕು, ಅದೇ ಮಾಲಕನ ಮಗ್ಗಕ್ಕೆ ಕೂಲಿಗೆ ಹೋಗಬೇಕು. ಇಂಗ್ಲಿಷ್ ಹಳ್ಳಿಯ ಕತೆಗಳು ಈ ಮರುದಿನವನ್ನು ಬರೆಯುವುದೇ ಅಪರೂಪ. ತೇಜಸ್ವಿಯವರೂ ಕೊನೆಗೆ ಕೆಸರೂರಿನ ಸುತ್ತ ಬೆಂಕಿ ಹಚ್ಚಿ ಈ ಪ್ರಶ್ನೆಯಿಂದ ಪಾರಾದರು ಎಂದೇ ನನ್ನ ಅಭಿಪ್ರಾಯ. ಆ ಬೆಂಕಿಯ ಚಿತ್ರ ಅದ್ಭುತವಾಗಿದೆ, ಆದರೆ ಜೋಗಿಹಾಳರ ಸಾವಿಗೆ ಊರು ಉತ್ತರ ಕೊಡುವ ಹೊಣೆ ಅದರಲ್ಲಿ ಸುಟ್ಟುಹೋಯಿತು. ಸಂಗ್ಯಾ-ಬಾಳ್ಯಾದ ಒಂದು ಪಾತ್ರ ಈ ತೊಡಕಿನ ಮಧ್ಯೆಯೇ ನಿಂತಿದೆ. ಗಂಗಿಗೂ ಸಂಗ್ಯಾನಿಗೂ ಸೇತುವೆಯಾದ ಮುದುಕಿಗೆ ಯಾವ ಮನೆಯ ಬಾಗಿಲು ಯಾವ ಹೊತ್ತಿಗೆ ತೆರೆಯುತ್ತದೆ ಗೊತ್ತು, ಯಾರ ಆಸೆ ಎಷ್ಟು ಬೆಲೆಯದು ಗೊತ್ತು. ಮಾರ್ಪಲ್‌ಗೆ ಇರುವ ತಿಳಿವಳಿಕೆಯೆಲ್ಲ ಅವಳಲ್ಲಿದೆ. ನೂರು ವರ್ಷ ಆಟ ನೋಡಿದ ನಾವು ಅವಳನ್ನು ಕುಂಟಣಗಿತ್ತಿ ಎಂದು ಬೈದು ನಕ್ಕೆವೇ ಹೊರತು, ಕೊಲೆಯಾದ ಮರುದಿನ ಅವಳನ್ನು ಕರೆದು ಕೂಡಿಸಿ “ಯವ್ವಾ, ನಿನಗ ಏನೇನ್ ಗೊತ್ತೈತಿ ಹೇಳು” ಎಂದು ಕೇಳಲಿಲ್ಲ. ಬಯಲಿನ ಪತ್ತೇದಾರಿ ಕಾದಂಬರಿ ಬರೆಯುವವರು ಅವಳಿಂದ ಶುರು ಮಾಡಬಹುದು. ಅವಳು ಹೇಳುವುದನ್ನು ಅವಳದೇ ಮಾತಿನಲ್ಲಿ, ಬೆಂಗಳೂರಿನ ಪುಸ್ತಕಭಾಷೆಗೆ ತಿದ್ದದೆ, ಅಡುಗೆಮನೆಯ ಉಪ್ಪು-ಜೀರಿಗೆಯನ್ನೂ ಬಿಡದೆ ಬರೆದುಕೊಳ್ಳಬೇಕು.