ಹಿಮದ ರೈಲಿನಲ್ಲಿ ಎತ್ತ ನೋಡಬೇಕು?

‘ಸ್ನೋಪಿಯರ್ಸರ್’ ನೋಡಲು ಕೂತವರಿಗೆ ನಾನು ಮೊದಲು ಹೇಳುವ ಮಾತು: ಮೀನಿನ ಮೇಲೆ ಒಂದು ಕಣ್ಣಿರಲಿ. ಹೊಡೆದಾಟದ ಸಿನಿಮಾ ಎಂದು ಬಂದವರು ಕೊಡಲಿಗಳನ್ನೇ ನೋಡುತ್ತಾ ಕೂತುಬಿಡುತ್ತಾರೆ, ಮೀನು ತಪ್ಪಿಹೋಗುತ್ತದೆ.

ಕಥೆ ನಾಲ್ಕು ಸಾಲಿನದು. ಭೂಮಿಯ ಬಿಸಿ ತಗ್ಗಿಸಲೆಂದು 2014ರಲ್ಲಿ ಆಕಾಶಕ್ಕೆ ಒಂದು ರಾಸಾಯನಿಕ ಸಿಂಪಡಿಸುತ್ತಾರೆ, ಲೋಕವೇ ಹೆಪ್ಪುಗಟ್ಟಿಹೋಗುತ್ತದೆ. ಬದುಕುಳಿದವರೆಲ್ಲ ಒಂದು ರೈಲಿನಲ್ಲಿ. ಎಲ್ಲೂ ನಿಲ್ಲದ, ವರ್ಷಕ್ಕೊಂದು ಸಲ ಭೂಮಿಯನ್ನು ಸುತ್ತುವ ರೈಲು. ಮುಂದಿನ ಬೋಗಿಗಳಲ್ಲಿ ಟಿಕೆಟ್ ಕೊಂಡವರು, ಬಾಲದಲ್ಲಿ ಹೇಗೋ ನುಗ್ಗಿ ಹತ್ತಿದವರು. 2031ರಲ್ಲಿ ಬಾಲದವರು ಕರ್ಟಿಸ್ ಎಂಬುವನ ಹಿಂದೆ ಎಂಜಿನ್ ಕಡೆಗೆ ನುಗ್ಗಲು ಹೊರಡುತ್ತಾರೆ. ಇಷ್ಟು ಗೊತ್ತಿದ್ದರೆ ಸಾಕು. ಕೊನೆ ಏನಾಗುತ್ತದೆಂದು ನಾನಂತೂ ಹೇಳುವುದಿಲ್ಲ. ‘ಅಷ್ಟು ವರ್ಷ ಹಳಿ ರಿಪೇರಿ ಮಾಡಿದವರು ಯಾರು?’ ಎಂದು ಕೇಳುವವರ ಪಕ್ಕದಲ್ಲಿ ಮಾತ್ರ ಕೂರಬೇಡಿ. ಯಕ್ಷಗಾನದಲ್ಲಿ ಬಟ್ಟೆ ಹೊದಿಸಿದ ಒಂದು ಆಸನವೇ ರಥ, ಅದೇ ಸಿಂಹಾಸನ. ಅದನ್ನು ಒಪ್ಪಿದವರಿಗೆ ಈ ರೈಲನ್ನು ಒಪ್ಪುವುದು ಕಷ್ಟವಲ್ಲ.

ನಿರ್ದೇಶಕ ಬಾಂಗ್ ಜೂನ್ ಹೋ. ‘ಪ್ಯಾರಸೈಟ್’ ಮಾಡಿ 2020ರಲ್ಲಿ ಆಸ್ಕರ್ ಗೆದ್ದವರು ಅವರೇ, ಆದರೆ ಇದು ಅದಕ್ಕಿಂತ ಆರು ವರ್ಷ ಹಿಂದಿನ ಚಿತ್ರ. ಝಾಕ್ ಲೋಬ್ ಬರೆದು ಝಾನ್ ಮಾರ್ಕ್ ರೊಶೆತ್ ಚಿತ್ರ ಬಿಡಿಸಿದ ಫ್ರೆಂಚ್ ಕಾಮಿಕ್ಸ್ ಪುಸ್ತಕವೊಂದು 2005ರ ಸುಮಾರಿಗೆ ಸೋಲ್ ನಗರದ ಅಂಗಡಿಯೊಂದರಲ್ಲಿ ಬಾಂಗ್ ಕೈಗೆ ಸಿಕ್ಕಿತು. ಅಲ್ಲೇ ನಿಂತುಕೊಂಡು ಓದಿದರಂತೆ. ಚಿತ್ರೀಕರಣ ನಡೆದದ್ದು ಪ್ರಾಗ್‌ನ ಬರಾಂಡೊವ್ ಸ್ಟುಡಿಯೋದಲ್ಲಿ. ಬೋಗಿಗಳ ಸೆಟ್ಟನ್ನು ಅಲುಗಾಡುವ ಯಂತ್ರದ ಮೇಲೆ ಕೂರಿಸಿದ್ದರು, ಆದ್ದರಿಂದ ನಟರ ಆ ತೂರಾಟ ಪೂರ್ತಿ ನಟನೆಯಲ್ಲ.

ಇನ್ನು ನೋಡುವ ಬಗೆ. ಮೊದಲು ದಿಕ್ಕು ಹಿಡಿಯಿರಿ. ಪರದೆಯ ಎಡಗಡೆ ಬಾಲ, ಬಲಗಡೆ ಎಂಜಿನ್. ಸಿನಿಮಾ ಉದ್ದಕ್ಕೂ ಬಾಂಗ್ ಇದನ್ನು ಬಹುಮಟ್ಟಿಗೆ ಕಾಪಾಡಿಕೊಂಡು ಹೋಗುತ್ತಾರೆ. ಜನ ಬಲಕ್ಕೆ ಓಡಿದರೆ ದಂಗೆ ಮುಂದೆ ಹೋಗುತ್ತಿದೆ, ಯಾರಾದರೂ ಎಡಕ್ಕೆ ತಿರುಗಿದರೆ ಹಿಂದೆ ಬಿಟ್ಟುಬಂದದ್ದು ಕರೆಯುತ್ತಿದೆ. ಒಂದು ಕಡೆ ಕರ್ಟಿಸ್ ನಡುವೆ ನಿಂತಿದ್ದಾನೆ. ಎಡಕ್ಕೆ, ಶತ್ರುವಿನ ಕೈಗೆ ಸಿಕ್ಕಿಬಿದ್ದ ತಮ್ಮನಂಥ ಹುಡುಗ ಎಡ್ಗರ್. ಬಲಕ್ಕೆ, ತಪ್ಪಿಸಿಕೊಳ್ಳುತ್ತಿರುವ ಸಚಿವೆ ಮೇಸನ್. ಅವಳು ಕೈಗೆ ಸಿಕ್ಕರೆ ದಂಗೆ ಗೆದ್ದಂತೆ. ಮಾತಿಲ್ಲ. ಕರ್ಟಿಸ್ ಪಾತ್ರ ಮಾಡಿದ ಕ್ರಿಸ್ ಇವಾನ್ಸ್ ಮುಖ ಎಡಕ್ಕೆ ಹೊರಳುತ್ತದೆ, ಬಲಕ್ಕೆ ಹೊರಳುತ್ತದೆ, ಅಷ್ಟೇ. ದಿಕ್ಕು ಹಿಡಿದು ಕೂತವರಿಗೆ ಆ ಎರಡು ಹೊರಳುವಿಕೆಯಲ್ಲೇ ಇಡೀ ಮನುಷ್ಯ ಕಾಣುತ್ತಾನೆ.

ಈ ಎಡ ಬಲದ ಲೆಕ್ಕ ತಲೆಗೆ ಹತ್ತಿದ ಮೇಲೆ ಸಾಂಗ್ ಕಾಂಗ್ ಹೋ ಮಾಡಿದ ನಾಮ್‌ಗುಂಗ್ ಮಿನ್ಸು ಪಾತ್ರವನ್ನು ಗಮನಿಸಿ. ಬೋಗಿ ಬೋಗಿಯ ನಡುವಿನ ಬಾಗಿಲುಗಳ ಬೀಗ ತೆಗೆಯಬಲ್ಲವನು, ಅಮಲಿನವನು, ಕೊರಿಯನ್ ಬಿಟ್ಟು ಬೇರೆ ಮಾತಾಡದವನು. ಉಳಿದವರು ಅನುವಾದ ಯಂತ್ರ ಹಿಡಿದು ಅವನ ಜೊತೆ ವ್ಯವಹರಿಸಬೇಕು. ನಾಮ್‌ಗುಂಗ್ ಮನೆತನದ ಹೆಸರು, ಮಿನ್ಸು ತನ್ನ ಹೆಸರು ಎಂದು ತಿದ್ದಿ ಹೇಳಿ ರೇಗುತ್ತಾನೆ. ಎಲ್ಲರೂ ಮುಂದೆ ನೋಡುತ್ತಿದ್ದರೆ ಇವನೊಬ್ಬ ಆಗಾಗ ಪಕ್ಕಕ್ಕೆ, ಕಿಟಕಿಯ ಆಚೆಗೆ ನೋಡುತ್ತಾನೆ. ಯಾಕೆ ನೋಡುತ್ತಾನೆಂದು ಬಾಯಿಬಿಟ್ಟು ಹೇಳುವುದಕ್ಕೆ ಬಹಳ ಹೊತ್ತು ತೆಗೆದುಕೊಳ್ಳುತ್ತಾನೆ. ನಾನು ಮೊದಲ ಸಲ ನೋಡಿದಾಗ ಇವನನ್ನು ಬರೀ ಹಾಸ್ಯಕ್ಕೆ ಇಟ್ಟಿದ್ದಾರೆ ಅಂದುಕೊಂಡಿದ್ದೆ. ಎರಡನೇ ಸಲ ಅವನ ಕಣ್ಣನ್ನೇ ಹಿಂಬಾಲಿಸಿದೆ. ಅದು ಬೇರೆಯೇ ಸಿನಿಮಾ.

ಈಗ ಮೀನಿಗೆ ಬರೋಣ. ಬಾಗಿಲು ತೆರೆದರೆ ಎದುರಿಗೆ ಮುಖ ಮುಚ್ಚಿಕೊಂಡ ಕೊಡಲಿಯವರ ಸಾಲು. ಯಾರೂ ಕೂಗುವುದಿಲ್ಲ. ಒಬ್ಬ ದೊಡ್ಡದೊಂದು ಮೀನು ಎತ್ತಿ ಅದರ ಹೊಟ್ಟೆ ಸೀಳುತ್ತಾನೆ, ಕೊಡಲಿಗೆ ಮೀನಿನ ರಕ್ತ ಹತ್ತುತ್ತದೆ. ಪೂಜೆಯೋ, ಬೆದರಿಕೆಯೋ ಯಾರೂ ವಿವರಿಸುವುದಿಲ್ಲ. ಕೊಚ್ಚಾಟ ಶುರುವಾಗುತ್ತದೆ. ನಡುವೆಯೇ ರೈಲು ಒಂದು ಸೇತುವೆ ತಲುಪುತ್ತದೆ. ಅದನ್ನು ದಾಟಿದರೆ ಹೊಸ ವರ್ಷ. ಕೊಡಲಿಯವರು ಕೊಲ್ಲುವುದನ್ನು ನಿಲ್ಲಿಸಿ ಅಂಕಿ ಎಣಿಸಿ ಶುಭಾಶಯ ಹೇಳುತ್ತಾರೆ. ಆಮೇಲೆ ಸುರಂಗ, ಕಗ್ಗತ್ತಲು. ಕೊಡಲಿಯವರ ಬಳಿ ಕತ್ತಲಲ್ಲಿ ಕಾಣುವ ಕನ್ನಡಕ, ಇವರ ಬಳಿ ಏನೂ ಇಲ್ಲ. ಬಾಲದ ಕಡೆಯಿಂದ ಪಂಜು ಹಿಡಿದು ಓಡಿಬರುತ್ತಾರೆ, ಎಡದಿಂದ ಬಲಕ್ಕೆ. ಇದೇ ಹೊಡೆದಾಟದಲ್ಲಿ ಕರ್ಟಿಸ್, ನಮ್ಮ ನಾಯಕ, ನೆಲದ ಮೇಲೆ ಬಿದ್ದಿದ್ದ ಆ ಮೀನಿನ ಮೇಲೆ ಕಾಲಿಟ್ಟು ಜಾರಿ ದೊಪ್ಪೆಂದು ಬೀಳುತ್ತಾನೆ.

ನಗಬೇಕೋ ಬೇಡವೋ ಎಂದು ತಡವರಿಸಿದಿರಾದರೆ ಸರಿಯಾಗಿಯೇ ನೋಡುತ್ತಿದ್ದೀರಿ. ಕೊರಿಯನ್ನರಲ್ಲಿ ‘ಪಿಕ್ಸಾರಿ’ ಎಂಬ ಆಡುಮಾತಿದೆ. ಹಾಡುವಾಗ ಗಂಟಲು ಕೈಕೊಟ್ಟು ಸ್ವರ ಜಾರುವುದು, ಬಿಲಿಯರ್ಡ್ಸ್ ಆಡುವಾಗ ಕೋಲು ಚೆಂಡಿನ ಮೇಲೆ ಜಾರುವುದು, ಎರಡೂ ಪಿಕ್ಸಾರಿಯೇ. ಬಾಂಗ್ ಅವರ ಹಿಂದಿನ ಚಿತ್ರ ‘ದಿ ಹೋಸ್ಟ್’ ಬಗ್ಗೆ ಬರೆಯುವಾಗ ಫ್ರಾನ್ಸಿನ ‘ಕಾಯೆ ದ್ಯು ಸಿನೆಮಾ’ ಪತ್ರಿಕೆ ಈ ಶಬ್ದವನ್ನೇ ಎತ್ತಿಕೊಂಡು, ಇವರದು ಪಿಕ್ಸಾರಿಯ ಕಲೆ ಎಂದಿತು. ವೀರರಸ ಏರುತ್ತಿರುವಾಗ ಬೇಕೆಂದೇ ಸ್ವರ ಜಾರಿಸುವುದು. ರಸಭಂಗ ದೋಷವೆಂದು ಓದಿಕೊಂಡು ಬಂದ ನಮಗೆ ಮೊದಲು ಇದು ಕಿರಿಕಿರಿ. ಸ್ವಲ್ಪ ತಾಳ್ಮೆ ಬೇಕು. ಟಿಲ್ಡಾ ಸ್ವಿಂಟನ್ ಮಾಡಿದ ಮೇಸನ್ ಈ ಶಾಲೆಯ ಪಾತ್ರವೇ: ಕಟ್ಟಿಸಿಕೊಂಡ ಹಲ್ಲು, ದಪ್ಪ ಕನ್ನಡಕ. ಚಿತ್ರಕಥೆಯಲ್ಲಿ ಅದು ಗಂಡಸಿನ ಪಾತ್ರವಾಗಿತ್ತು. ಅದಕ್ಕೇ ಎಲ್ಲರೂ ಅವಳನ್ನು ‘ಸರ್’ ಎನ್ನುತ್ತಾರೆ. ಚಪ್ಪಲಿ ತಲೆಗಲ್ಲ, ಕಾಲಿಗೆ ಎಂದು ಅವಳು ಭಾಷಣ ಬಿಗಿಯುವಾಗ, ಪಕ್ಕದಲ್ಲಿ ಶೂ ಎಸೆದವನ ತೋಳನ್ನು ಏಳು ನಿಮಿಷ ರೈಲಿನ ಹೊರಗೆ ಚಾಚಿ ಹೆಪ್ಪುಗಟ್ಟಿಸುತ್ತಿರುತ್ತಾರೆ. ಮಾತಿಗೆ ನಗು ಬರುತ್ತದೆ, ತೋಳು ನೋಡಿದರೆ ನಗು ಇಂಗುತ್ತದೆ.

ಊಟದ ಮೇಲೂ ಗಮನವಿಡಿ. ಬಾಲದವರಿಗೆ ಕಪ್ಪು ಜೆಲ್ಲಿಯಂಥ ಪ್ರೋಟೀನ್ ಇಟ್ಟಿಗೆ. ಅದು ಏತರದ್ದು ಎಂದು ಕರ್ಟಿಸ್ ನೋಡುವ ಹೊತ್ತಿಗೆ ನಿಮ್ಮ ಕೈಯಲ್ಲಿ ತಿಂಡಿ ಇಲ್ಲದಿದ್ದರೆ ಒಳ್ಳೆಯದು. ಮುಂದೆ ಅಕ್ವೇರಿಯಂ ಬೋಗಿಯಲ್ಲಿ ಇವರು ಸುಶಿ ತಿನ್ನುವಾಗ ಮೇಸನ್‌ಗೆ ಅದೇ ಇಟ್ಟಿಗೆ.

2013ರ ಆಗಸ್ಟ್‌ನಲ್ಲಿ ಬಿಡುಗಡೆಯಾದಾಗ ಕೊರಿಯಾದಲ್ಲಿ 93 ಲಕ್ಷಕ್ಕೂ ಹೆಚ್ಚು ಟಿಕೆಟ್ ಹರಿದವು. ಸುಮಾರು 4 ಕೋಟಿ ಡಾಲರ್ ಸುರಿದಿದ್ದರು. ಆ ಹೊತ್ತಿಗೆ ಅದು ಕೊರಿಯಾದ ಅತಿ ದುಬಾರಿ ಚಿತ್ರ. ಆದರೂ ಊರಿನಲ್ಲಿ ಅಭಿಪ್ರಾಯ ಒಂದೇ ಇರಲಿಲ್ಲ. ಹೇಳಬೇಕಾದ್ದನ್ನು ಮುಖಕ್ಕೆ ಹೊಡೆದಂತೆ ಹೇಳಿದೆ ಎಂದು ಗೊಣಗಿದವರೂ ಇದ್ದರು. ಪೂರ್ತಿ ತಳ್ಳಿಹಾಕಲಾರೆ, ಎಂಜಿನ್ ಒಡೆಯ ವಿಲ್ಫರ್ಡ್ ಬಾಯಿಬಿಟ್ಟ ಮೇಲೆ ಚಿತ್ರ ಪಾಠ ಶುರುಮಾಡುತ್ತದೆ, ನಾನೂ ಅಲ್ಲಿ ಮಗ್ಗುಲು ಬದಲಿಸುತ್ತೇನೆ. ಹೊರದೇಶದ ವಿಮರ್ಶಕರು ಮಾತ್ರ ಹೆಚ್ಚುಕಡಿಮೆ ಒಕ್ಕೊರಲಿನಿಂದ ಹೊಗಳಿದರು.

ಅಮೆರಿಕದಲ್ಲಿ ಹಕ್ಕು ಕೊಂಡಿದ್ದ ಹಾರ್ವೆ ವೈನ್‌ಸ್ಟೀನ್‌ಗೆ ಸುಮಾರು 20 ನಿಮಿಷ ಕತ್ತರಿಸಬೇಕಿತ್ತು. ಬಾಂಗ್ ಒಪ್ಪಲಿಲ್ಲ. ಎರಡು ಆವೃತ್ತಿಗಳನ್ನೂ ಪ್ರೇಕ್ಷಕರಿಗೆ ತೋರಿಸಿ ನೋಡಿದಾಗ ನಿರ್ದೇಶಕರದ್ದಕ್ಕೇ ಹೆಚ್ಚು ಅಂಕ ಬಂತು. ಕತ್ತರಿ ತಪ್ಪಿತು, ದೊಡ್ಡ ಬಿಡುಗಡೆಯೂ ತಪ್ಪಿತು: 2014ರ ಜೂನ್ 27ರಂದು ಬರೀ 8 ಚಿತ್ರಮಂದಿರ. ಎರಡು ವಾರದಲ್ಲಿ ಮನೆಯಲ್ಲೇ ದುಡ್ಡು ಕೊಟ್ಟು ನೋಡುವ ವ್ಯವಸ್ಥೆಗೆ ಹಾಕಿದರು, ಅಲ್ಲಿ ಚಿತ್ರಮಂದಿರಕ್ಕಿಂತ ಹೆಚ್ಚು ಗಳಿಸಿತು.

ವೈನ್‌ಸ್ಟೀನ್ ತೆಗೆಯಿರಿ ಎಂದ ತುಣುಕುಗಳಲ್ಲಿ ಆ ಮೀನು ಸೀಳುವುದೂ ಒಂದು. ಅದು ಉಳಿದ ಬಗೆಯನ್ನು ಬಾಂಗ್ 2019ರಲ್ಲಿ ಸಂದರ್ಶನವೊಂದರಲ್ಲಿ ಹೇಳಿಕೊಂಡರು. ನನ್ನ ತಂದೆ ಮೀನುಗಾರ, ಈ ಶಾಟ್ ಅವರಿಗೆ ಅರ್ಪಣೆ ಎಂದುಬಿಟ್ಟರಂತೆ. ವೈನ್‌ಸ್ಟೀನ್ ಕರಗಿ, ಕುಟುಂಬ ದೊಡ್ಡದು, ಇಟ್ಟುಕೊಳ್ಳಿ ಎಂದ. ಬಾಂಗ್ ಅವರ ತಂದೆ ಗ್ರಾಫಿಕ್ ಡಿಸೈನರ್.