ಭಾವ, ನಿಶ್ಚಯ ಮತ್ತು ‘ದಟ್’ ಉಪವಾಕ್ಯ: ಒಂದು ವರ್ಗೀಕರಣದ ವಿಮರ್ಶೆ

ಇಂಗ್ಲಿಷ್ ವ್ಯಾಕರಣಗಳು ‘ಗ್ಲ್ಯಾಡ್’, ‘ಸಾರಿ’, ‘ಸರ್‌ಪ್ರೈಸ್ಡ್’ ಮೊದಲಾದ ಭಾವಸೂಚಕ ಗುಣವಾಚಕಗಳನ್ನೂ ‘ಶೂರ್’, ‘ಸರ್ಟನ್’, ‘ಕಾನ್ಫಿಡೆಂಟ್’ ಮೊದಲಾದ ನಿಶ್ಚಯಸೂಚಕಗಳನ್ನೂ ಒಂದೇ ಚೌಕಟ್ಟಿನಲ್ಲಿ ಇರಿಸುತ್ತವೆ: ಅನುಭವಿಯಾದ ಕರ್ತೃ, ಗುಣವಾಚಕ, ‘ದಟ್’ ಉಪವಾಕ್ಯ. ಕ್ವರ್ಕ್ ಮತ್ತು ಸಂಗಡಿಗರ 1985ರ ಬೃಹತ್ ವ್ಯಾಕರಣವು ಇವನ್ನು ಅರ್ಥಾನುಸಾರ ಉಪಗುಂಪುಗಳಾಗಿ ವಿಂಗಡಿಸಿದೆ. ಆದರೆ ಉಪವಾಕ್ಯಕ್ಕೂ ಗುಣವಾಚಕಕ್ಕೂ ಇರುವ ಸಂಬಂಧ ಎರಡೂ ಕಡೆ ಒಂದೇ ಅಲ್ಲವೆಂಬುದು ಗುಂಪುಗಳ ಹೆಸರಿನಿಂದ ತಿಳಿಯುವುದಿಲ್ಲ.

ನಿಷೇಧದ ಪರೀಕ್ಷೆ ಸುಪರಿಚಿತವಾದುದು. ‘ಶಿ ಈಸ್ ನಾಟ್ ಗ್ಲ್ಯಾಡ್ ದಟ್ ಹಿ ಕೇಮ್’ ಎಂದಾಗ ಅವನು ಬಂದದ್ದು ಅಬಾಧಿತ. ‘ನಾಟ್ ಸರ್ಟನ್’ ಎಂದಾಗ ಅದೇ ಸಂದಿಗ್ಧ. ಇದರಿಂದ ಭಾವಸೂಚಕಗಳೆಲ್ಲ ತಥ್ಯವಾಚಿಗಳು, ನಿಶ್ಚಯಸೂಚಕಗಳು ಅಲ್ಲ ಎಂಬ ಸೂತ್ರ ಸುಲಭವಾಗಿ ಹುಟ್ಟುತ್ತದೆ. ಈ ಸೂತ್ರ ನಿಲ್ಲುವುದಿಲ್ಲ. ‘ಅಫ್ರೇಡ್’ ಭಾವವೇ, ಆದರೂ ‘ಅಫ್ರೇಡ್ ದಟ್ ಇಟ್ ವಿಲ್ ರೇನ್’ ಎಂದವರು ಮಳೆಯನ್ನು ತಥ್ಯವೆಂದು ಒಪ್ಪಿರುವುದಿಲ್ಲ. ಪಾಲ್ ಮತ್ತು ಕ್ಯಾರಲ್ ಕಿಪಾರ್ಸ್ಕಿ 1970ರಲ್ಲಿಯೇ ಭಾವವಾಚಿತ್ವ ಮತ್ತು ತಥ್ಯವಾಚಿತ್ವಗಳನ್ನು ಎರಡು ಸ್ವತಂತ್ರ ಲಕ್ಷಣಗಳೆಂದು ಬೇರ್ಪಡಿಸಿದ್ದರು. ಇವೆರಡನ್ನು ಒಂದಾಗಿಸಿದರೆ ಅವರ ಮುಖ್ಯ ಒಳನೋಟವೇ ಕಳೆದುಹೋಗುತ್ತದೆ.

ನನ್ನ ವಾದವಿಷ್ಟು: ಇಲ್ಲಿ ನಿರ್ಣಾಯಕವಾದುದು ಕಾರಣ ಮತ್ತು ವಿಷಯಗಳ ಭೇದ. ‘ಗ್ಲ್ಯಾಡ್ ದಟ್ ಹಿ ಕೇಮ್’ ಎಂಬುದನ್ನು ‘ಗ್ಲ್ಯಾಡ್ ಬಿಕಾಸ್ ಹಿ ಕೇಮ್’ ಎಂದರೆ ಅರ್ಥ ಹೆಚ್ಚುಕಡಿಮೆ ಉಳಿಯುತ್ತದೆ. ‘ಸರ್ಟನ್ ಬಿಕಾಸ್ ಹಿ ಕೇಮ್’ ಎಂದೊಡನೆ ಅವನ ಬರವು ಬೇರಾವುದೋ ನಂಬಿಕೆಗೆ ಪುರಾವೆಯಾಗಿಬಿಡುತ್ತದೆ. ಮೊದಲನೆಯದರಲ್ಲಿ ಉಪವಾಕ್ಯವು ಭಾವದ ಕಾರಣ. ಎರಡನೆಯದರಲ್ಲಿ ನಂಬಿಕೆಯ ವಿಷಯ. ಕಾರಣವೆನಿಸಲು ಘಟನೆ ನಡೆದಿರಬೇಕು. ವಿಷಯವೆನಿಸಲು ಆ ನಿರ್ಬಂಧವಿಲ್ಲ. ‘ಅಫ್ರೇಡ್’ ತನ್ನ ಉಪವಾಕ್ಯವನ್ನು ವಿಷಯವಾಗಿ ಪಡೆಯುವುದರಿಂದಲೇ ತಥ್ಯವಾಚಿಯಲ್ಲ.

ಇಂಗ್ಲಿಷಿನಲ್ಲಿ ‘ದಟ್’ ಮರೆಮಾಡುವ ಈ ಭೇದವನ್ನು ಕನ್ನಡ ರೂಪದಲ್ಲಿಯೇ ತೋರುತ್ತದೆ. ‘ಮಳೆ ಬರುತ್ತದೆಂದು ಭಯವಾಯಿತು’ ಎಂಬಲ್ಲಿ ಮಳೆ ಬಾರದೆಯೂ ಇರಬಹುದು. ‘ಮಳೆ ಬಂದದ್ದಕ್ಕೆ ಭಯವಾಯಿತು’ ಎಂಬಲ್ಲಿ ಬಂದೇ ಇದೆ. ಆಖ್ಯಾತ ಒಂದೇ, ಭಾವವೂ ಒಂದೇ, ಬದಲಾದದ್ದು ಸಂಬಂಧ. ಹಾಗೆಂದು ಕೃದಂತ ನಾಮಕ್ಕೇ ತಥ್ಯವನ್ನು ಆರೋಪಿಸುವಂತಿಲ್ಲ: ‘ಅವನು ಬಂದದ್ದು ಸುಳ್ಳು’ ಎಂಬುದು ಸುಸಂಗತ ವಾಕ್ಯ. ಇಲ್ಲಿ ತಥ್ಯವನ್ನು ತರುವುದು ಕಾರಣಾರ್ಥದ ‘-ಕ್ಕೆ’.

ಈ ವಿವರಣೆಗೊಂದು ಮಿತಿಯಿದೆ. ‘ಅವೇರ್’ ಮತ್ತು ಕನ್ನಡದ ‘ಗೊತ್ತು’ ವಿಷಯವನ್ನು ಪಡೆದೂ ತಥ್ಯವಾಚಿಗಳು: ‘ಅವನು ಬಂದನೆಂದು ಅವಳಿಗೆ ಗೊತ್ತಿಲ್ಲ’ ಎಂದರೂ ಅವನು ಬಂದದ್ದು ಉಳಿಯುತ್ತದೆ. ಅರಿವಿನ ತಥ್ಯವಾಚಿತ್ವಕ್ಕೆ ಬೇರೆಯೇ ಮೂಲವಿರಬೇಕು. ಭಾವದ ತಥ್ಯವಾಚಿತ್ವವನ್ನೂ ಅದನ್ನೂ ಒಂದೇ ಪದದಿಂದ ಕರೆಯುವುದು ಎಷ್ಟು ಉಚಿತ ಎಂಬ ಪ್ರಶ್ನೆಯೂ ಏಳುತ್ತದೆ.

ಆದ್ದರಿಂದ ಇಂಗ್ಲಿಷ್ ಗುಣವಾಚಕಗಳ ಪಟ್ಟಿಯನ್ನು ಅನುವಾದಿಸಿ ಕನ್ನಡದ ‘ಸಂತೋಷ’, ‘ಭಯ’, ‘ಖಾತ್ರಿ’ಗಳಿಗೆ ತಥ್ಯವಾಚಿ ಅಥವಾ ಅತಥ್ಯವಾಚಿ ಎಂಬ ಹಣೆಪಟ್ಟಿ ಕಟ್ಟುವ ವಿಧಾನವನ್ನು ಸಂಶೋಧಕರು ಕೈಬಿಡಬೇಕು. ಹಣೆಪಟ್ಟಿ ಸಲ್ಲಬೇಕಾದುದು ಪದಕ್ಕಲ್ಲ, ಪದ ಮತ್ತು ಉಪವಾಕ್ಯಗಳ ಸಂಬಂಧಕ್ಕೆ. ಇಂಗ್ಲಿಷಿನ ವರ್ಗೀಕರಣವನ್ನು ಮರುಪರಿಶೀಲಿಸಲು ಕನ್ನಡವೇ ಇಲ್ಲಿ ಸಾಕ್ಷ್ಯ ಒದಗಿಸುತ್ತದೆ.