ಶ್! ಇದು ಗ್ರಂಥಾಲಯ, ನಗಬಹುದು

ನನ್ನ ತಂಗಿಯ ಮಗಳು ಮೈಸೂರಿನಲ್ಲಿ ಗ್ರಂಥಾಲಯ ವಿಜ್ಞಾನ ಓದುತ್ತಿದ್ದಾಳೆ. ಕಳೆದ ದಸರಾ ರಜೆಯಲ್ಲಿ ನಮ್ಮ ಮನೆಗೆ ಬಂದಿದ್ದವಳು ಒಂದು ಸಂಜೆ, ನಾನು ಮೆಂತ್ಯದ ಸೊಪ್ಪು ಬಿಡಿಸುತ್ತ ಕುಳಿತಿದ್ದಾಗ, ಪಕ್ಕಕ್ಕೆ ಬಂದು ಕೂತಳು. "ದೊಡ್ಡಮ್ಮ, ಇದನ್ನೊಂದಿಷ್ಟು ನೋಡು. ನಮ್ಮ ಕ್ಲಾಸಿನವರೆಲ್ಲ ಸೇರಿ ಲೈಬ್ರರಿ ಬಗ್ಗೆ ಒಂದು ತಮಾಷೆ ವಿಡಿಯೋ ಮಾಡಬೇಕು ಅಂತಿದ್ದೀವಿ. ಹೊರದೇಶದವರು ಮಾಡಿರೋದು ಇವು. ಯಾವುದು ಚೆನ್ನಾಗಿದೆ ಹೇಳು" ಎಂದು ಮೊಬೈಲನ್ನು ನನ್ನ ಮುಂದೆ ಹಿಡಿದಳು. ಗ್ರಂಥಾಲಯಕ್ಕೂ ತಮಾಷೆಗೂ ಎಲ್ಲಿಯ ನಂಟು? ನಮ್ಮ ಕಾಲದಲ್ಲಿ ಅಲ್ಲಿ ಕೆಮ್ಮು ಬಂದರೂ ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಓಡಿ ಬಂದು ಕೆಮ್ಮುತ್ತಿದ್ದೆವು. ಆದರೂ ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ಕೈ. ಅಂಕ ಕೊಡು ಎಂದರೆ ಸುಮ್ಮನಿರುವುದು ಹೇಗೆ? ಸೊಪ್ಪನ್ನು ಅತ್ತ ಸರಿಸಿ ಕನ್ನಡಕ ಹಾಕಿಕೊಂಡೆ.

ಮೊದಲನೆಯದು ಅಮೆರಿಕದ ಯೂಟಾ ರಾಜ್ಯದಲ್ಲಿರುವ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಗ್ರಂಥಾಲಯದವರು 2010ರಲ್ಲಿ ಮಾಡಿದ್ದು. ಅದು ಅರ್ಥವಾಗಬೇಕಾದರೆ ಅದೇ ವರ್ಷ ಬಂದಿದ್ದ 'ಓಲ್ಡ್ ಸ್ಪೈಸ್' ಜಾಹೀರಾತು ಗೊತ್ತಿರಬೇಕು. ಗಂಡಸರು ಸ್ನಾನಕ್ಕೆ ಬಳಸುವ ಸೋಪಿನ ಜಾಹೀರಾತು, ಆದರೆ ಅದರ ಮಾತೆಲ್ಲ ಹೆಂಗಸರ ಜೊತೆ! ಮನೆಗೆ ಸೋಪು ಕೊಂಡು ತರುವವರು ಯಾರು ಎಂಬುದು ಕಂಪನಿಯವರಿಗೆ ಚೆನ್ನಾಗಿ ಗೊತ್ತು ನೋಡಿ. ಇಸೈಯಾ ಮುಸ್ತಫಾ ಎಂಬ ಗಟ್ಟಿಮುಟ್ಟಾದ ನಟ ಬಚ್ಚಲುಮನೆಯಲ್ಲಿ ನಿಂತು, ನಿಮ್ಮ ಯಜಮಾನರನ್ನು ನೋಡಿ, ಈಗ ನನ್ನನ್ನು ನೋಡಿ ಎಂಬ ಧಾಟಿಯಲ್ಲಿ ಉಸಿರು ಬಿಡದೆ ಮಾತಾಡುತ್ತಾನೆ. ಕಣ್ಣು ಮಿಟುಕಿಸುವುದರೊಳಗೆ ಬಚ್ಚಲುಮನೆ ಹೋಗಿ ಹಡಗು ಬರುತ್ತದೆ. ಹಡಗು ಹೋಗಿ ಆತ ಕುದುರೆಯ ಮೇಲೆ ಕುಳಿತಿರುತ್ತಾನೆ.

ಗ್ರಂಥಾಲಯದವರ ವಿಡಿಯೋದಲ್ಲೂ ಅದೇ ಗತ್ತು, ಅದೇ ವೇಗ, ಅದೇ ಗಂಭೀರ ಮುಖ. ಆದರೆ ತರುಣ ಹೊಗಳುವುದು ಸೋಪನ್ನಲ್ಲ, ಗ್ರಂಥಾಲಯದಲ್ಲಿ ಕೂತು ಓದುವುದನ್ನು. ಕೊನೆಗೆ ಆತ ಏರಿರುವುದು ಕುದುರೆಯನ್ನಲ್ಲ, ಪುಸ್ತಕ ಸಾಗಿಸುವ ತಳ್ಳುಗಾಡಿಯನ್ನು! ಅಷ್ಟು ಹೊತ್ತು ಬಿಗಿಯಾಗಿ ಕೂತಿದ್ದ ನಾನು ಅಲ್ಲಿ ನಕ್ಕೇಬಿಟ್ಟೆ. ಈ ಪುಟ್ಟ ವಿಡಿಯೋವನ್ನು ಹತ್ತು ಲಕ್ಷಕ್ಕೂ ಮೀರಿದ ಸಲ ಜನ ನೋಡಿದ್ದಾರೆ.

ನಗು ಬಂದದ್ದೇಕೆ ಎಂದು ಯೋಚಿಸಿದೆ. ಜಾಹೀರಾತಿನ ಸುಳ್ಳು ನಮಗೆಲ್ಲ ಗೊತ್ತಿದ್ದದ್ದೇ. ಯಾವ ಸೋಪು ಹಚ್ಚಿದರೂ ನಮ್ಮ ಮನೆಯವರು ನಮ್ಮ ಮನೆಯವರೇ, ಕುದುರೆ ಏರುವವರಲ್ಲ. ಆ ಸುಳ್ಳಿನ ಅಬ್ಬರವನ್ನೆಲ್ಲ ಎರವಲು ತಂದು ಒಂದು ಸಾಧಾರಣವಾದ, ನಿಜವಾದ ವಿಷಯಕ್ಕೆ ತೊಡಿಸಿದ್ದಾರೆ. ಓದಿದರೆ ವಿದ್ಯೆ ಬರುತ್ತದೆ ಎಂಬುದು ಹುಸಿ ಭರವಸೆಯಲ್ಲ. ಸೋಪಿನ ಕಂಪನಿ ಕೊಡಲಾರದ್ದನ್ನು ಗ್ರಂಥಾಲಯ ನಿಜವಾಗಿಯೂ ಕೊಡಬಲ್ಲದು. ವಿಡಿಯೋದ ಜಾಣತನ ಇರುವುದು ಅಲ್ಲಿ. ದೋಷವಿಲ್ಲವೆ? ಇದೆ. ಮೂಲ ಜಾಹೀರಾತು ಮರೆತವರಿಗೆ ಅರ್ಧ ತಮಾಷೆ ದಕ್ಕುವುದಿಲ್ಲ. ಅಣಕದ ಆಯುಷ್ಯ ಮೂಲದ ನೆನಪಿರುವಷ್ಟು ದಿನ ಮಾತ್ರ. ಹತ್ತಕ್ಕೆ ಎಂಟು ಕೊಟ್ಟೆ.

ಎರಡನೆಯದೂ 2010ರದೇ. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಗ್ರಂಥಪಾಲಕ ವೃತ್ತಿಗೆ ಓದುತ್ತಿದ್ದ ವಿದ್ಯಾರ್ಥಿಗಳೂ ಅವರ ಅಧ್ಯಾಪಕರೂ ಸೇರಿ, ಲೇಡಿ ಗಾಗಾ ಎಂಬ ಗಾಯಕಿಯ ಪ್ರಸಿದ್ಧ ಹಾಡೊಂದರ ಧಾಟಿಗೆ ಕ್ಯಾಟಲಾಗ್, ಮಾಹಿತಿ ಹುಡುಕಾಟ ಎಂದೆಲ್ಲ ಮಾತು ಕೂಡಿಸಿ ಕುಣಿದಿದ್ದಾರೆ. ಮೂಗಿನ ತುದಿಯಲ್ಲಿ ಕನ್ನಡಕ, ಬಿಗಿದ ತುರುಬು, ತುಟಿಯ ಮೇಲೆ ಬೆರಳು: ಸಿನಿಮಾಗಳಲ್ಲಿ ಗ್ರಂಥಪಾಲಕಿ ಎಂದರೆ ಎಷ್ಟು ಕಾಲದಿಂದಲೂ ಇಷ್ಟೇ. ಟೀಚರ್ ಎಂದರೆ ಕೋಲು ಹಿಡಿದ ದಪ್ಪ ಹೆಂಗಸು ಎಂದು ತೋರಿಸುತ್ತಾರಲ್ಲ, ಹಾಗೆ. ಬೇರೆಯವರು ನಮ್ಮನ್ನು ಹಾಗೆ ಗೇಲಿ ಮಾಡುವುದಕ್ಕೂ ನಾವೇ ಎದ್ದು ನಿಂತು ಆ ಚಿತ್ರವನ್ನು ಕುಣಿದು ಒಡೆಯುವುದಕ್ಕೂ ವ್ಯತ್ಯಾಸವಿದೆ. ಆ ಹೆಣ್ಣುಮಕ್ಕಳ ಧೈರ್ಯ ನೋಡಿ ಖುಷಿಯಾಯಿತು. ಆದರೆ ಹಾಡು ಮುಗಿದ ಮೇಲೆ, ಗ್ರಂಥಾಲಯದ ಮೆಟ್ಟಿಲು ಹತ್ತದವಳೊಬ್ಬಳಿಗೆ ಇದರಿಂದ ಏನು ತಿಳಿಯಿತು ಎಂದು ಕೇಳಿಕೊಂಡರೆ ಉತ್ತರ ಸಿಗಲಿಲ್ಲ. ಅದು ಒಳಗಿನವರು ಒಳಗಿನವರಿಗಾಗಿ ನಕ್ಕ ನಗು. ನಮ್ಮ ಸ್ಟಾಫ್ ರೂಮಿನ ಜೋಕುಗಳ ಹಾಗೆ. ಬಾಗಿಲ ಆಚೆ ನಿಂತ ಮಗುವಿಗೆ ನಗುವಿನ ಸದ್ದು ಕೇಳಿಸುತ್ತದೆ, ಸಂಗತಿ ತಿಳಿಯುವುದಿಲ್ಲ.

ಮೂರನೆಯದನ್ನು ತೋರಿಸುವಾಗ, "ಇದು ಲೈಬ್ರರಿಯವರು ಮಾಡಿದ್ದಲ್ಲ ದೊಡ್ಡಮ್ಮ, ಆದರೂ ನೋಡು" ಎಂದಳು. 1989ರಲ್ಲಿ ಬಂದ 'ಯುಎಚ್‌ಎಫ್' ಎಂಬ ನಗೆ ಸಿನಿಮಾದ ಒಂದು ತುಣುಕು. ಕೋನನ್ ಎಂಬ ಕಾಡುವೀರನ ಕಥೆಗಳು ಆ ದೇಶದಲ್ಲಿ ಮನೆಮಾತು. ಇಲ್ಲಿ ಅಂಥ ವೀರನೊಬ್ಬ ಕೈಯಲ್ಲಿ ಕತ್ತಿ ಹಿಡಿದ ಗ್ರಂಥಪಾಲಕ! ಪಾಪ, ಯಾರೋ ಒಬ್ಬ ಖಗೋಳಶಾಸ್ತ್ರದ ಪುಸ್ತಕ ಎಲ್ಲಿದೆ ಎಂದು ಕೇಳಿದರೆ, ಅಂಗಿ ಹಿಡಿದು ಮೇಲೆತ್ತಿ, ಡ್ಯೂಯಿ ದಶಮಾಂಶ ಪದ್ಧತಿ ಗೊತ್ತಿಲ್ಲವೇ ಎಂದು ಗದರಿಸುತ್ತಾನೆ. ಪುಸ್ತಕವನ್ನು ತಡವಾಗಿ ತಂದುಕೊಟ್ಟ ಹುಡುಗನಿಗಂತೂ ಕತ್ತಿಯೇ ಗತಿ.

ಹುಡುಗಿ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ, ಆದರೆ ನಡುವೆಯೇ ನಗು ನಿಂತುಹೋಯಿತು. ಆ ಕತ್ತಿ ನನಗೆ ಪರಿಚಯದ್ದು.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಶಾಲೆಯ ಲೈಬ್ರರಿ ಚಾರ್ಜು ನನ್ನ ತಲೆಗೆ ಬಂತು. ಲೈಬ್ರರಿ ಎಂದರೆ ಗಾಜಿನ ಬಾಗಿಲಿನ ಎರಡು ಬೀರು, ಒಂದು ಸ್ಟಾಕ್ ರಿಜಿಸ್ಟರು, ಒಂದು ಬೀಗದ ಕೈ. ಪುಸ್ತಕ ಕಳೆದರೆ ನಿಮ್ಮ ಸಂಬಳದಲ್ಲಿ ಹಿಡಿಯುತ್ತಾರೆ ಎಂದು ಹಿರಿಯರು ಹೆದರಿಸಿದ್ದರು. ಹೀಗಾಗಿ ಕಳೆಯದಿರಲು ಇರುವ ಸುಲಭದ ಉಪಾಯವನ್ನೇ ಹಿಡಿದೆ: ಯಾರಿಗೂ ಕೊಡಲಿಲ್ಲ. ವರ್ಷಕ್ಕೊಮ್ಮೆ ಇನ್‌ಸ್ಪೆಕ್ಷನ್ ಬಂದಾಗ ಬೀರು ತೆರೆದು, ಧೂಳು ಹೊಡೆದು, ನುಸಿಗುಳಿಗೆ ಹಾಕಿ, ಎಣಿಸಿ, ಮತ್ತೆ ಬೀಗ. ಒಂದು ಪುಸ್ತಕವೂ ಕಳೆದಿಲ್ಲವೆಂದು ಮೆಚ್ಚುಗೆಯ ಮಾತೂ ಸಿಕ್ಕಿತ್ತು. ಎಂಟನೇ ತರಗತಿಯ ಒಬ್ಬ ಹುಡುಗಿ ಮಾತ್ರ ಪದೇ ಪದೇ ಬರುತ್ತಿದ್ದಳು. "ಮಿಸ್, ಆ ನೀಲಿ ರಟ್ಟಿನ ಪುಸ್ತಕ ಕೊಡ್ತೀರಾ?" ಪರೀಕ್ಷೆ ಮುಗಿಯಲಿ ಎಂದೆ. ಮುಗಿದ ಮೇಲೆ ಬಂದಳು. ರಜೆ ಕಳೆಯಲಿ ಎಂದೆ. ಆಮೇಲೆ ಅವಳು ಕೇಳುವುದನ್ನು ನಿಲ್ಲಿಸಿದಳು. ಎಷ್ಟೋ ವರ್ಷಗಳ ನಂತರ ಒಂದು ಮದುವೆಮನೆಯಲ್ಲಿ, ಕಂಕುಳಲ್ಲಿ ಮಗು ಎತ್ತಿಕೊಂಡು ಬಂದು ಕಾಲಿಗೆ ನಮಸ್ಕಾರ ಮಾಡಿ ನಗುತ್ತಲೇ ಕೇಳಿದಳು: "ಮಿಸ್, ಆ ನೀಲಿ ರಟ್ಟಿನ ಪುಸ್ತಕದಲ್ಲಿ ಏನಿತ್ತು?" ನನಗೆ ಗೊತ್ತಿರಲಿಲ್ಲ. ಕಾಯುವ ಭರದಲ್ಲಿ ನಾನೂ ಅದನ್ನು ಓದಿರಲಿಲ್ಲ.

ಆದ್ದರಿಂದ ಗ್ರಂಥಾಲಯದವರೇ ಮಾಡಿದ ಎರಡು ವಿಡಿಯೋಗಳಿಗಿಂತ ಅವರಲ್ಲದವರು ಮಾಡಿದ ಈ ಗೇಲಿಯೇ ಸತ್ಯಕ್ಕೆ ಹತ್ತಿರ ಎನ್ನಿಸಿತು. ಜನ ಗ್ರಂಥಾಲಯಕ್ಕೆ ಬಾರದಿರುವುದು ಅಲ್ಲಿ ಏನಿದೆ ಎಂದು ತಿಳಿಯದೆ ಮಾತ್ರವಲ್ಲ, ಹೆದರಿಕೆಯಿಂದ ಕೂಡ. ಕೇಳಿದರೆ ಏನನ್ನುತ್ತಾರೋ, ತಡವಾದರೆ ಏನು ಮಾಡುತ್ತಾರೋ ಎಂಬ ಹೆದರಿಕೆ. ಪ್ರಚಾರದ ವಿಡಿಯೋ ಆ ಹೆದರಿಕೆಯನ್ನು ಮುಟ್ಟದೆ ಬರೀ ಕುಣಿದರೆ ಪ್ರಯೋಜನ ಕಡಿಮೆ.

ಮುಟ್ಟಿದವರೊಬ್ಬರು ಸಿಕ್ಕಿದ್ದು ಕೊನೆಯಲ್ಲಿ. ಕ್ಯಾಲಿಫೋರ್ನಿಯಾದ ಸೊಲಾನೊ ಕೌಂಟಿ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದ ಮೈಕಲ್ ಥ್ರೆಟ್ಸ್. 2023ರಲ್ಲಿ ಇವರ ವಿಡಿಯೋಗಳು ಮನೆಮನೆಗೆ ತಲುಪಿದವು. ವೇಷವಿಲ್ಲ, ಅಣಕವಿಲ್ಲ. ಗುಂಗುರು ಕೂದಲಿನ, ಕೈತುಂಬ ಹಚ್ಚೆ ಹಾಕಿಸಿಕೊಂಡ ಈ ಮನುಷ್ಯ ಕ್ಯಾಮೆರಾ ಮುಂದೆ ನಿಂತು, ಆ ದಿನ ಬಂದ ಮಗು ಏನು ಹೇಳಿತು, ತಾನೇನು ಹೇಳಿದೆ ಎಂದು ಕಣ್ಣರಳಿಸಿ ವರ್ಣಿಸುತ್ತಾರೆ. ಗ್ರಂಥಾಲಯ ನಿಮ್ಮೆಲ್ಲರದು, ಬನ್ನಿ ಎನ್ನುತ್ತಾರೆ. ಐದು ವರ್ಷದವರಿದ್ದಾಗ ತಾವು ಸದಸ್ಯತ್ವದ ಕಾರ್ಡು ಪಡೆದ ಗ್ರಂಥಾಲಯದಲ್ಲೇ ಮುಂದೆ ಕೆಲಸಕ್ಕೂ ಸೇರಿದವರು ಅವರು. ತಮ್ಮ ಮನಸ್ಸಿನ ಖಿನ್ನತೆಯ ಬಗ್ಗೆಯೂ ಮುಚ್ಚುಮರೆಯಿಲ್ಲದೆ ಮಾತಾಡಿದವರು. 2024ರಲ್ಲಿ ಮಾನಸಿಕ ಆರೋಗ್ಯದ ಕಾರಣಕ್ಕೇ ಆ ಕೆಲಸ ಬಿಟ್ಟರು. ಅವರ ವಿಡಿಯೋ ನೋಡುವಾಗ ಗಟ್ಟಿಯಾಗಿ ನಗು ಬರುವುದಿಲ್ಲ, ಮುಗುಳ್ನಗೆ ಬರುತ್ತದೆ. ಆದರೆ ಅವರು ಮಾತಾಡುವುದು ಹೊಸ್ತಿಲಾಚೆ ಅನುಮಾನಿಸುತ್ತ ನಿಂತವರ ಜೊತೆ. ಹತ್ತಕ್ಕೆ ಹತ್ತು ಕೊಟ್ಟದ್ದು ಇವರಿಗೇ.

"ಹಾಗಾದರೆ ತಮಾಷೆ ಬೇಡವಾ?" ಎಂದು ಹುಡುಗಿ ಮುಖ ಸಪ್ಪಗೆ ಮಾಡಿದಳು. ಬೇಕು, ಖಂಡಿತ ಬೇಕು. ಅವಳ ಪಠ್ಯದಲ್ಲಿ ಬರುವ ಎಸ್. ಆರ್. ರಂಗನಾಥನ್ ಅವರನ್ನೇ ನೋಡಿ. ಬೆಂಗಳೂರಿನಲ್ಲಿ ನೆಲೆಸಿ, 1972ರಲ್ಲಿ ಅಲ್ಲಿಯೇ ತೀರಿಕೊಂಡ ಈ ಮಹನೀಯರು 1931ರಲ್ಲಿ ಬರೆದ ಐದು ಸೂತ್ರಗಳಲ್ಲಿ ಮೊಟ್ಟಮೊದಲನೆಯದೇ ಪುಸ್ತಕ ಇರುವುದು ಬಳಕೆಗೆ ಎಂಬುದು. ಹಿಂದೆ ಯುರೋಪಿನಲ್ಲಿ ಪುಸ್ತಕಗಳನ್ನು ಸರಪಳಿಯಿಂದ ಬಿಗಿದಿಡುತ್ತಿದ್ದುದನ್ನೂ ಅವರು ಅಲ್ಲಿ ನೆನೆಯುತ್ತಾರೆ. ನನ್ನ ಬೀಗ ಆ ಸರಪಳಿಯ ಮೊಮ್ಮಗಳು. ನಗು ಆ ಬೀಗವನ್ನು ಸಡಿಲಿಸಬಲ್ಲದು. ಆದರೆ ನಗಿಸಿ ಕರೆದು, ಬಂದವರಿಗೆ ಒಳಗೆ ಮುಚ್ಚಿದ ಬೀರುವನ್ನೇ ತೋರಿಸಿದರೆ ಅದು ಸೋಪಿನ ಜಾಹೀರಾತಿಗಿಂತ ದೊಡ್ಡ ಸುಳ್ಳು.

ಆ ಮದುವೆಯಿಂದ ಬಂದ ಮರುವಾರವೇ ನಾನು ಬೀರು ತೆರೆದಿಟ್ಟೆ. ಮೊದಲ ವರ್ಷ ಹನ್ನೊಂದು ಪುಸ್ತಕ ಕಾಣೆಯಾದವು. ಮರುವರ್ಷ ಏಳು ತಾವಾಗಿಯೇ ಬಂದು ಕೂತವು. ಸಂಬಳದಲ್ಲಿ ಯಾರೂ ಏನೂ ಹಿಡಿಯಲಿಲ್ಲ. ನೀಲಿ ರಟ್ಟಿನದನ್ನು ಹುಡುಕಿದೆ. ಅಷ್ಟರಲ್ಲಿ ಅದಕ್ಕೆ ಗೆದ್ದಲು ಹಿಡಿದು, ರಟ್ಟಷ್ಟೇ ಗಟ್ಟಿಯಾಗಿ ಉಳಿದಿತ್ತು.

ಇದನ್ನೆಲ್ಲ ಕೇಳಿ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ದೊಡ್ಡಮ್ಮ, ನಮ್ಮ ವಿಡಿಯೋಗೆ ಇದೇ ಕಥೆ ಆಗಬಹುದು. ಸೊಂಟದಲ್ಲಿ ಬೀಗದ ಕೈ ಸಿಕ್ಕಿಸಿಕೊಂಡು ಮಕ್ಕಳನ್ನು ಓಡಿಸುವ ಮಿಸ್! ಆದರೆ ಆ ಪಾತ್ರ ಯಾರು ಮಾಡ್ತಾರೆ? ನಮ್ಮ ಕ್ಲಾಸಿನ ಹುಡುಗಿಯರಿಗೆ ಅಷ್ಟು ಸಿಡುಕು ಮುಖ ಬರೋದಿಲ್ಲ" ಎಂದಳು.

ಸೊಪ್ಪಿನ ಮೊರ ಮತ್ತೆ ಎಳೆದುಕೊಳ್ಳುತ್ತ ಹೇಳಿದೆ: "ಅದಕ್ಕೇನು ಯೋಚನೆ? ನಾನಿಲ್ಲವೆ, ಅನುಭವಸ್ಥೆ!"